ಕ್ಯಾನಿನಿಂದ ಮರಿಯ ಕುತ್ತಿಗೆಯವರೆಗೆ: ಮ್ಯಾರೆಕ್ಸ್ ಲಸಿಕೆ ಕೆಡುವುದೆಲ್ಲಿ?

ಲಸಿಕೆ ಹಾಕಿಸಿದ ಮೊಟ್ಟೆಕೋಳಿಗಳೇ ಮೂರ್ನಾಲ್ಕು ತಿಂಗಳಿಗೆ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದುಕೊಂಡಾಗ ಸಾಕಣೆದಾರರು ಮೊದಲು ಬೈಯುವುದು ಲಸಿಕೆಯನ್ನೇ. ಆದರೆ ಮ್ಯಾರೆಕ್ಸ್ ರೋಗದ ವಿಷಯದಲ್ಲಿ ಲಸಿಕೆಗಿಂತ ಅದನ್ನು ಕರಗಿಸಿದ ಕೈಯನ್ನು ಮೊದಲು ವಿಚಾರಿಸಬೇಕು. ಹೆಪ್ಪುಗಟ್ಟಿಸಿದ ಈ ಲಸಿಕೆಯಲ್ಲಿ ವೈರಸ್ ಇರುವುದು ಜೀವಂತ ಕೋಶಗಳ ಒಳಗೆ; ಕೋಶ ಸತ್ತರೆ ಲಸಿಕೆಯ ಬಲವೂ ಹೋಯಿತು. ಅದಕ್ಕೇ ಆಂಪೂಲ್‌ಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ನಳಿಕೆಗಳನ್ನು ಇಡುವುದೂ ಇಂಥದೇ ಕ್ಯಾನಿನಲ್ಲಿ. ಸಾರಜನಕದ ಮಟ್ಟ ಇಳಿಯದಿದ್ದರೆ ಅಲ್ಲಿ ಲಸಿಕೆ ಕೆಡುವುದಿಲ್ಲ. ಹೊರಬಂದ ಮೇಲಿನ ಒಂದು ಗಂಟೆಯೇ ನಾಜೂಕಿನದು.

ಕೊಕ್ಕರೆ ರೋಗದ ಲಸಿಕೆಯನ್ನು ಐಸಿನಲ್ಲೇ ಇಡುತ್ತೇವಲ್ಲ, ಇದನ್ನೂ ತಣ್ಣಗೆ ನಿಧಾನವಾಗಿ ಕರಗಿಸಿದರೇನು ಎಂದು ಕೇಳುವವರಿದ್ದಾರೆ. ಅದು ಒಣಪುಡಿಯ ಲಸಿಕೆ, ಅದಕ್ಕೆ ಆ ಕ್ರಮ ಸರಿ. ಇಲ್ಲಿ ನಿಧಾನಿಸಿದರೆ ಮಂಜಿನ ಹರಳುಗಳು ಮತ್ತೆ ಬೆಳೆದು ಕೋಶದ ಪೊರೆಯನ್ನು ಹರಿಯುತ್ತವೆ. ಬಿಸಿನೀರಿಗೆ ಹಾಕಿದರೂ ಕೋಶ ಸಾಯುತ್ತದೆ. ಹಾಗಾಗಿ 25ರಿಂದ 27 ಡಿಗ್ರಿಯ ನೀರಿನಲ್ಲಿ ಮೆಲ್ಲಗೆ ಆಡಿಸುತ್ತ ಸುಮಾರು ಒಂದು ನಿಮಿಷದಲ್ಲಿ ಕರಗಿಸಬೇಕು. ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಥರ್ಮಾಮೀಟರಿನಿಂದ ನೋಡಬೇಕು. ಆಂಪೂಲನ್ನು ಒರೆಸಿ ಒಡೆದು, 18 ಗೇಜಿನ ದಪ್ಪ ಸೂಜಿಯಿಂದ ನಿಧಾನವಾಗಿ ಎಳೆದುಕೊಳ್ಳಬೇಕು. ಸಣ್ಣ ಸೂಜಿಯಲ್ಲಿ ರಭಸವಾಗಿ ಎಳೆದರೆ ಕೋಶಗಳು ಜಜ್ಜಿಹೋಗುತ್ತವೆ. ಕಂಪನಿ ಕೊಟ್ಟ ದ್ರಾವಣಕ್ಕೆ ಸೇರಿಸಿದ ಮೇಲೆ ಚೀಲವನ್ನು ಕುಲುಕಬಾರದು, ಹಗುರವಾಗಿ ತಿರುಗಿಸಿದರೆ ಸಾಕು.

ಕರಗಿಸುವವರ ಕಣ್ಣೂ ಮುಖ್ಯ. ಆಂಪೂಲ್ ಒಳಗೆ ಸಾರಜನಕ ಸೇರಿಕೊಂಡಿದ್ದರೆ ಬಿಸಿ ತಾಗಿದೊಡನೆ ಸಿಡಿಯುತ್ತದೆ. ಮುಖಕವಚ, ಕೈಗವಸು ಇಲ್ಲದೆ ಕ್ಯಾನಿಗೆ ಕೈ ಹಾಕಬಾರದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದೂಡುವುದರಿಂದ ಕಿಟಕಿ ತೆರೆದಿರಲಿ.

ಬೆಳಿಗ್ಗೆಯೇ ಎಲ್ಲವನ್ನೂ ಕರಗಿಸಿಟ್ಟರೆ ಕೆಲಸ ಬೇಗ ಸಾಗುತ್ತದೆ ಎಂಬ ವಾದವೂ ಉಂಟು. ಸಾಗುತ್ತದೆ ನಿಜ, ಆದರೆ ಕೊನೆಯ ಬುಟ್ಟಿಯ ಮರಿಗಳಿಗೆ ಸಿಗುವುದು ಬಲ ಕುಂದಿದ ದ್ರವ. ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಕರಗಿಸಬೇಕು, ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ‘ಹೇಗೂ ಚುಚ್ಚುತ್ತೇವಲ್ಲ’ ಎಂದು ಆಂಟಿಬಯಾಟಿಕ್ ಬೆರೆಸುವವರು ದ್ರಾವಣದ ಆಮ್ಲೀಯತೆ ಬದಲಾಗಿ ಕೋಶ ಸಾಯಬಹುದೆಂದು ಯೋಚಿಸುವುದಿಲ್ಲ. ತಯಾರಕರು ಒಪ್ಪದಿದ್ದರೆ ಏನನ್ನೂ ಸೇರಿಸಕೂಡದು. ಫ್ರಿಜ್ಜಿನಲ್ಲಿಡುವ ಒಣ ಲಸಿಕೆಯೂ ಸಿಗುವಾಗ ಇಷ್ಟು ರಗಳೆ ಏಕೆ? ತಾಯಿಕೋಳಿಯಿಂದ ಬಂದ ಪ್ರತಿಕಾಯಗಳು ಬಿಡಿ ವೈರಸ್ಸನ್ನು ಸುಲಭವಾಗಿ ಹಿಡಿದುಹಾಕುತ್ತವೆ; ಕೋಶದೊಳಗಿನ ವೈರಸ್ಸಿನ ಮೇಲೆ ಅವುಗಳ ಆಟ ಅಷ್ಟು ನಡೆಯದು. ಕೆಲವೇ ಮರಿ ಮಾಡಿಸುವವರಿಗೆ ಮಾತ್ರ ಸಾವಿರ ಡೋಸಿನ ಆಂಪೂಲ್ ಗಿಟ್ಟುವುದಿಲ್ಲ. ಅವರು ಒಣ ಲಸಿಕೆಯನ್ನು ಆರಿಸಿಕೊಳ್ಳಬಹುದು, ಇಲ್ಲವೇ ಲಸಿಕೆ ಹಾಕಿದ ಮರಿಗಳನ್ನೇ ಕೊಳ್ಳಬಹುದು.

ಕೊಳ್ಳುವವರು ಹ್ಯಾಚರಿಯಲ್ಲಿ ಥರ್ಮಾಮೀಟರ್ ಇದೆಯೇ ನೋಡಲಿ, ಚುಚ್ಚಿದ ಕೆಲವು ಮರಿಗಳ ಕುತ್ತಿಗೆಯನ್ನೂ ಸವರಲಿ. ತುಪ್ಪಳ ಒದ್ದೆಯಾಗಿದ್ದರೆ ಸೂಜಿ ಚರ್ಮದಿಂದ ಆಚೆಗೆ ತೂರಿ ಲಸಿಕೆ ಹೊರಗೆ ಚೆಲ್ಲಿದೆ ಎಂದೇ ಅರ್ಥ. ರಕ್ಷಣೆ ಮೂಡಲು ಸುಮಾರು ಒಂದು ವಾರ ಬೇಕು. ಈ ರೋಗ ಹರಡುವುದು ಗರಿಬುಡದಿಂದ ಉದುರುವ ಧೂಳಿನಲ್ಲಿ. ಆದ್ದರಿಂದ ಹಳೆಯ ಕೋಳಿಗಳ ಶೆಡ್ಡಿಗಾಗಲಿ, ಹಳೆಯ ಹಾಸಿನ ಮೇಲಾಗಲಿ ಈ ಮರಿಗಳನ್ನು ಬಿಡಬಾರದು.