ಹಳೆಯ ದೋಣಿಯನ್ನು ಮಳೆಯಲ್ಲಿ ನೋಡಿ

ಹಳೆಯ ಮೀನುಗಾರಿಕೆ ದೋಣಿಯೊಂದನ್ನು ಕೊಂಡು ರಿಪೇರಿ ಮಾಡಿಸಿಕೊಳ್ಳಬೇಕೆಂಬ ಆಸೆ ನಿಮಗಿದ್ದರೆ, ಜೂನ್ ತಿಂಗಳಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಬನ್ನಿ. ಒಂದು ಜೋರು ಮಳೆ ಸುರಿದು ನಿಂತ ಮೇಲೆ, ದಡಕ್ಕೆ ಎಳೆದಿಟ್ಟ ದೋಣಿಗಳ ನಡುವೆ ನಿಧಾನವಾಗಿ ನಡೆಯಿರಿ. ಕೊಳ್ಳುವ ಮಾತು ಆಮೇಲೆ. ಮೊದಲು ಯಾವ ದೋಣಿಯಲ್ಲಿ ನೀರು ಎಲ್ಲಿ ನಿಂತಿದೆ ಎಂದು ನೋಡಿ.

ಜೂನ್ ಎಂದು ಹೇಳುವುದಕ್ಕೆ ಕಾರಣವಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಈ ನಿಷೇಧ ಇಲ್ಲ. ಆದರೂ ಕಡಲು ಪ್ರಕ್ಷುಬ್ಧವಾದಾಗ ಅವೂ ದಡದಲ್ಲೇ ಇರುತ್ತವೆ. ನೀರಿನಲ್ಲಿರುವ ದೋಣಿಯ ಅರ್ಧ ಮೈ ನಿಮಗೆ ಕಾಣಿಸುವುದೇ ಇಲ್ಲ. ದಡದಲ್ಲಿರುವ ದೋಣಿಯ ಅಡಿಗೆ ನೀವು ಬಗ್ಗಿ ಕೈಯಾಡಿಸಬಹುದು.

ದೋಣಿಗಳಲ್ಲಿ ಬಗೆ ಹಲವು. ಹೊಸಬರಾದ ನಿಮಗೆ ನಾನು ಒಂದನ್ನೇ ಹೇಳುತ್ತೇನೆ: ಇಪ್ಪತ್ತೈದು ಮೂವತ್ತು ಅಡಿಯ, ಹಿಂಬದಿಗೆ ಎಂಜಿನ್ ನೇತುಹಾಕುವ ಫೈಬರ್ ದೋಣಿ. ಹೀಗೆ ಹೊರಗೆ ನೇತುಹಾಕುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಫೈಬರ್ ಎಂದರೆ ಗಾಜಿನ ಸಣ್ಣ ಎಳೆಗಳ ಹಾಸು. ಅದಕ್ಕೆ ಮ್ಯಾಟ್ ಎಂಬ ಹೆಸರು. ಅದನ್ನು ರೆಸಿನ್ ಎಂಬ ಅಂಟಿನಲ್ಲಿ ತೋಯಿಸಿ, ಅಚ್ಚಿನೊಳಗೆ ಪದರದ ಮೇಲೆ ಪದರ ಕೂರಿಸಿದಾಗ ದೋಣಿಯ ಮೈ ಸಿದ್ಧವಾಗುತ್ತದೆ. ಹೊರಗೆ ಹೊಳೆಯುವ ಬಣ್ಣದ ತೆಳು ಪದರವೇ ಜೆಲ್‌ಕೋಟ್. ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ.

‘ಫೈಬರ್ ಅಲ್ಲವೇ, ಕೊಳೆಯುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ಮಾತು ನಿಜ, ಆದರೆ ಪೂರ್ತಿ ಅಲ್ಲ. ಎಂಜಿನ್ ಕೂರುವ ಹಿಂಬದಿಯ ಅಡ್ಡ ಹಲಗೆಯ ಒಳಗೆ ಪ್ಲೈವುಡ್ ಇರುತ್ತದೆ. ತಳದ ಪಟ್ಟಿಗಳ ಒಳಗೂ ಎಷ್ಟೋ ದೋಣಿಗಳಲ್ಲಿ ಮರವೇ ಇರುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರು ಅಷ್ಟಾಗಿ ಒಗ್ಗದು, ಸಿಹಿನೀರೆಂದರೆ ಹಬ್ಬ. ಆದ್ದರಿಂದ ಇಂಥ ದೋಣಿಯನ್ನು ಒಳಗಿನಿಂದ ತಿನ್ನುವುದು ಕಡಲಿಗಿಂತ ಹೆಚ್ಚಾಗಿ ಮಳೆ. ನಮ್ಮ ಕರಾವಳಿಯಲ್ಲಂತೂ ಮಳೆಗೆ ಬರವಿಲ್ಲ. ನೀರು ನಿಂತ ಜಾಗವನ್ನು ಹುಡುಕಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. ಮಳೆಯ ನೀರು ಎಲ್ಲಿ ನಿಲ್ಲುತ್ತದೆಯೋ ಅದರ ಅಕ್ಕಪಕ್ಕದಲ್ಲೇ ದೋಣಿಯ ರೋಗವೂ ಇರುತ್ತದೆ.

ಈಗ ಕಣ್ಣಿಗಿಂತ ಕಿವಿಯನ್ನು ನಂಬಿ. ಚಿಕ್ಕ ಸುತ್ತಿಗೆಯಿಂದ ದೋಣಿಯ ಮೈಯನ್ನು ಗೇಣು ಗೇಣಿಗೂ ಮೆಲ್ಲಗೆ ತಟ್ಟುತ್ತಾ ಹೋಗಿ. ಹಲಸಿನ ಹಣ್ಣು ಬಲಿತಿದೆಯೇ ಎಂದು ತಟ್ಟಿ ನೋಡುವ ಅಭ್ಯಾಸ ನಿಮಗಿದ್ದರೆ, ಇದೂ ಅದೇ ವಿದ್ಯೆ. ಪದರಗಳು ಗಟ್ಟಿಯಾಗಿ ಅಂಟಿಕೊಂಡಲ್ಲಿ ಟಣ್ ಎಂಬ ಚುರುಕು ಸದ್ದು ಬರುತ್ತದೆ. ಪದರ ಬಿಟ್ಟಲ್ಲಿ, ನೀರು ಹೊಕ್ಕಲ್ಲಿ ದಬ್ ಎಂಬ ಮಂಕು ಸದ್ದು. ಅಂಥ ಜಾಗಕ್ಕೆ ಸೀಮೆಸುಣ್ಣದಿಂದ ಸುತ್ತು ಹಾಕಿ. ತಳದಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಒಂದನ್ನು ಒಡೆಯಲು ಅನುಮತಿ ಕೇಳಿ. ವಿನಿಗರಿನಂಥ ಹುಳಿ ವಾಸನೆಯ ದ್ರವ ಬಂದರೆ ನೀರು ಜೆಲ್‌ಕೋಟನ್ನು ದಾಟಿದೆ ಎಂದು ತಿಳಿಯಿರಿ. ಗುಳ್ಳೆ ಕಂಡೊಡನೆ ದೋಣಿಯನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಬೆಲೆ ಇಳಿಯಲೇಬೇಕು. ಇನ್ನು, ಮಾರಾಟಕ್ಕೆಂದೇ ನಿನ್ನೆ ಮೊನ್ನೆ ಬಣ್ಣ ಬಳಿದ ದೋಣಿಗಿಂತ ಗೀರು ಬಿದ್ದ ದೋಣಿಯೇ ನನಗೆ ಇಷ್ಟ. ಗೀರು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.

ಹಿಂಬದಿಯ ಹಲಗೆಗೆ ಹೆಚ್ಚು ಸಮಯ ಕೊಡಿ. ಎಂಜಿನ್ನಿನ ಪೂರ್ತಿ ಭಾರವನ್ನೂ ತಳ್ಳುವ ಬಲವನ್ನೂ ಹೊರುವುದು ಅದೇ. ಎಂಜಿನ್ನನ್ನು ಎತ್ತಿ ನಿಲ್ಲಿಸಿ, ಫ್ಯಾನ್ ಇರುವ ತುದಿಯನ್ನು, ಎಂದರೆ ನೀರನ್ನು ತಳ್ಳುವ ರೆಕ್ಕೆಗಳ ಕಡೆಯನ್ನು, ಕೆಳಗೆ ಒತ್ತಿ. ಹಲಗೆ ಬಾಗಿದರೆ, ಅಥವಾ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಾಯಿ ಬಿಟ್ಟರೆ ಅನುಮಾನಪಡಿ. ಆಮೇಲೆ ಮಾಲೀಕರನ್ನು ಕೇಳಿ ಕೆಳಗಿನ ಒಂದು ಬೋಲ್ಟ್ ಬಿಚ್ಚಿಸಿ, ತೂತಿನೊಳಗೆ ತಂತಿಯ ಕೊಕ್ಕೆ ಹಾಕಿ ಕೆರೆದು ನೋಡಿ. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಮರ ಚೆನ್ನಾಗಿದೆ. ನೆನೆದ ಚಹಾಪುಡಿಯಂಥ ಕಪ್ಪು ಮುದ್ದೆ ಬಂದರೆ ಒಳಗಿನ ಪ್ಲೈವುಡ್ ಮುಗಿದಿದೆ.

ಮರದ ದೋಣಿಯ ಮಾತನ್ನು ಇಲ್ಲಿ ಚಿಕ್ಕದಾಗಿ ಸೇರಿಸುತ್ತೇನೆ. ಹೆಬ್ಬಲಸಿನ ಹಳೆಯ ದೋಣಿ ಕಣ್ಣಿಗೆ ಬಹಳ ಚೆಂದ. ಆದರೆ ಮರ ಕೊರೆಯುವ ಕಡಲ ಹುಳು ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು, ಒಳಗೇ ಬೆಳೆದು ಸುರಂಗ ತೋಡುತ್ತದೆ. ಹೆಸರಿಗೆ ಹುಳು, ನಿಜದಲ್ಲಿ ಅದು ಮಳಿಯ ಕುಲದ ಚಿಪ್ಪುಜೀವಿ. ಹೊರಗಿನಿಂದ ಹಲಗೆ ನಯವಾಗಿಯೇ ಕಾಣುತ್ತದೆ. ಮೊದಲ ದೋಣಿಗೆ ಮರದ್ದು ಬೇಡ ಎಂಬುದು ನನ್ನ ಅಭಿಪ್ರಾಯ.

ಎಂಜಿನ್ ಹಳೆಯದಾದರೆ ಬದಲಿಸಬಹುದು, ಹಾಗಾಗಿ ಅದು ಎರಡನೆಯ ಮಾತು. ಅದರ ಕೆಳಭಾಗವನ್ನು ನೀರಿನಲ್ಲಿ ಮುಳುಗಿಸಿ, ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಬದಿಯ ಸಣ್ಣ ರಂಧ್ರದಿಂದ ನೀರು ಬಿಡದೆ ಚಿಮ್ಮುತ್ತಿದ್ದರೆ ಎಂಜಿನ್ನನ್ನು ತಂಪಾಗಿಡುವ ಪಂಪು ಕೆಲಸ ಮಾಡುತ್ತಿದೆ ಎಂದರ್ಥ. ಕೆಳಗಿನ ಗೇರ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಸೀಲು ದಾಟಿ ನೀರು ಒಳಗೆ ಬಂದಿದೆ.

ಕಾಗದಪತ್ರಗಳಿಗೆ ಒಂದು ಬೆಳಗ್ಗೆ ಸಾಕು, ಆದರೆ ಆ ಬೆಳಗ್ಗೆಯನ್ನು ತಪ್ಪಿಸಬೇಡಿ. ದೋಣಿಯ ಮೈಮೇಲಿನ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಮಾಲೀಕರ ಹೆಸರು ನೋಂದಣಿ ಪತ್ರದೊಂದಿಗೆ ಹೊಂದಬೇಕು. ಬ್ಯಾಂಕಿನ ಅಥವಾ ಸಹಕಾರಿ ಸಂಘದ ಸಾಲ ಬಾಕಿ ಇಲ್ಲ ಎಂಬ ಪತ್ರ ಬೇಕು. ಮೀನುಗಾರಿಕೆ ಇಲಾಖೆಯ ಪರವಾನಗಿಯೂ ಸೀಮೆಎಣ್ಣೆಯ ಪರ್ಮಿಟ್ಟೂ ನಿಮ್ಮ ಹೆಸರಿಗೆ ಹೇಗೆ ಬರುತ್ತವೆ ಎಂದು ಮುಂಗಡ ಕೊಡುವ ಮುಂಚೆಯೇ ಇಲಾಖೆಯ ಕಚೇರಿಯಲ್ಲಿ ಕೇಳಿ.

ದೋಣಿ ನಿಮ್ಮದಾಯಿತು ಎಂದುಕೊಳ್ಳೋಣ. ನಾನು ತಪ್ಪಿದ್ದು ಇಲ್ಲಿ. ಮಳೆಯಲ್ಲಿ ಕೊಂಡ ನನ್ನ ಮೊದಲ ದೋಣಿಗೆ ಮಳೆಯಲ್ಲೇ ತೇಪೆ ಹಾಕಿದೆ. ಮೇಲೆ ಟಾರ್ಪಾಲು ಕಟ್ಟಿದ್ದೆ, ಮೈಯನ್ನು ಬಟ್ಟೆಯಿಂದ ಒರೆಸಿದ್ದೆ, ಅಷ್ಟೇ ಸಾಕೆಂದುಕೊಂಡಿದ್ದೆ. ಆಗಸ್ಟಿನಲ್ಲಿ ನೀರಿಗಿಳಿಸಿದ ಎರಡನೇ ವಾರ, ಬಿಸಿಲಿಗೆ ಹಾಕಿದ ಹಪ್ಪಳ ಚಾಪೆಯಿಂದ ಏಳುವಂತೆ ಆ ತೇಪೆ ಅಂಚಿನಿಂದ ಎದ್ದು ಬಂತು. ಒರೆಸಿದ ಮೈ ಒಣಗಿದ ಮೈ ಅಲ್ಲ. ಪದರದೊಳಗೆ ತೇವ ಉಳಿದಿದ್ದರೆ ರೆಸಿನ್ ಹಿಡಿಯುವುದಿಲ್ಲ. ಆದ್ದರಿಂದ ಮಳೆಯಲ್ಲಿ ನೋಡಿ, ಮಳೆಯಲ್ಲೇ ಕೊಳ್ಳಿ, ಕೆಟ್ಟ ಜಾಗಗಳನ್ನು ಗ್ರೈಂಡರಿನಿಂದ ತೆರೆದು ಸೂರಿನಡಿ ಒಣಗಲು ಬಿಡಿ. ತೇಪೆಯ ಕೆಲಸ ಬಿಸಿಲು ಹಿಡಿದ ಮೇಲೆ. ಒಂದು ಹಂಗಾಮಿನ ಮೊದಲ ತಿಂಗಳುಗಳು ಹೋದರೂ ಹೋಗಲಿ.

ತೇಪೆಯ ಮೂಲಪಾಠ ಇಷ್ಟು. ತೂತಿನ ಅಂಚನ್ನು ನೇರವಾಗಿ ಬಿಡದೆ ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಇದ್ದರೆ ಒಳ್ಳೆಯದು. ಎಂದರೆ ಮೈ 5 ಮಿಲಿಮೀಟರ್ ದಪ್ಪವಿದ್ದರೆ ಸುತ್ತ 60 ಮಿಲಿಮೀಟರ್ ಇಳಿಜಾರು. ಹೊಸ ಪದರಕ್ಕೆ ಹಳೆಯದರ ಮೇಲೆ ಕೂರಲು ಜಾಗ ಸಿಗುವುದು ಹೀಗೆ. ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವಕ್ಕೆ ಕೆಟಲಿಸ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ ಸಾಕು. ಆ ಕೆಲಸವನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವೂ ಅಂಗಡಿಯಲ್ಲಿ ಸಿಗುತ್ತದೆ. ಈ ಎರಡನ್ನು ಎಂದಿಗೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಸಿಡಿಯುತ್ತದೆ. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು. ಉಜ್ಜುವಾಗ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಮೈತುಂಬ ಬಟ್ಟೆ ಇರಲಿ. ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಹಿಂಬದಿಯ ಹಲಗೆ ಕೊಳೆತಿದ್ದರೆ ಒಳಗಿನ ಫೈಬರ್ ಪದರವನ್ನು ಕತ್ತರಿಸಿ ತೆಗೆದು, ಹಳೆಯ ಪ್ಲೈವುಡ್ಡನ್ನು ಪೂರ್ತಿ ಕೆರೆದು, ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ ಕೂರಿಸಿ. ಬೋಲ್ಟಿನ ತೂತನ್ನು ಮಾತ್ರ ನೇರವಾಗಿ ಕೊರೆದು ಬಿಡಬೇಡಿ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿ ಎಂಬ ಅಂಟಿನಿಂದ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಆಗ ಬೋಲ್ಟಿನ ಸುತ್ತ ಬಂದ ನೀರಿಗೆ ಮರ ಸಿಗುವುದೇ ಇಲ್ಲ. ಈ ಅರ್ಧ ದಿನದ ಕೆಲಸವನ್ನು ಬಿಟ್ಟದ್ದರಿಂದಲೇ ಹಿಂದಿನ ಹಲಗೆ ಕೊಳೆತಿರುತ್ತದೆ.

ನೀರಿಗಿಳಿಸುವ ದಿನ ನೇರವಾಗಿ ಕಡಲಿಗೆ ಹೋಗಬೇಡಿ. ಹೊಳೆಯ ಬಾಯಿಯ ಒಳಗೆ, ಅಳಿವೆಯ ಶಾಂತ ನೀರಿನಲ್ಲಿ, ದೋಣಿಯನ್ನು ಉದ್ದ ಹಗ್ಗದಲ್ಲಿ ಕಟ್ಟಿ ಒಳಗೆ ಕುಳಿತುಕೊಳ್ಳಿ. ಲೈಫ್ ಜಾಕೆಟ್ ಹಾಕಿಕೊಂಡಿರಿ. ತಳವನ್ನು ಒಣಬಟ್ಟೆಯಿಂದ ಒರೆಸಿ ಒಂದು ಗಂಟೆ ಕಾಯಿರಿ. ಎಲ್ಲಾದರೂ ತೇವ ಕಂಡರೆ ಗಾಬರಿ ಬೇಡ, ಬೆರಳಿನಿಂದ ಮುಟ್ಟಿ ನಾಲಿಗೆಯ ತುದಿಗೆ ತಾಗಿಸಿ. ಉಪ್ಪಿದ್ದರೆ ಕೆಳಗೆ ಎಲ್ಲೋ ದಾರಿಯಿದೆ, ದಡಕ್ಕೆ ಎಳೆದು ಹುಡುಕಬೇಕು. ಸಪ್ಪೆಯಿದ್ದರೆ ಅದು ಜೂನ್ ತಿಂಗಳಲ್ಲಿ ನೀವೇ ನಿಂತು ನೋಡಿದ ಮಳೆ, ಎಲ್ಲೋ ಸಂದಿಯಲ್ಲಿ ಉಳಿದದ್ದು ಈಗ ಹೊರಬರುತ್ತಿದೆ. ಒರೆಸಿ, ಇನ್ನೊಂದು ಗಂಟೆ ಕಾಯಿರಿ.