ಸವೆತದ ಬಾಬ್ತು

ಕೃಷಿಯ ಆದಾಯಕ್ಕೆ ಆದಾಯ ತೆರಿಗೆಯಿಲ್ಲವಾದುದರಿಂದ, ವರ್ತಕನು ತನ್ನ ಯಂತ್ರಕ್ಕೆ ವರ್ಷಂಪ್ರತಿ ಶೇ. 15ರಂತೆ ಸವಕಳಿ ಬರೆದುಕೊಳ್ಳುವ ಪದ್ಧತಿಯು ನಮ್ಮ ಮೈಲಾರದ ಸೀಮೆಯ ರೈತನ ಖಾತೆಪುಸ್ತಕವನ್ನು ಪ್ರವೇಶಿಸಲೇ ಇಲ್ಲ. ಬ್ಯಾಂಕಿನ ಅರ್ಧವಾರ್ಷಿಕ ಕಂತನ್ನು ಅವನು ಮರೆಯನು, ಯಾತಕ್ಕೆಂದರೆ ಅದಕ್ಕೆ ನೋಟೀಸು ಬರುತ್ತದೆ. ಕಬ್ಬಿಣದ ಸವೆತಕ್ಕೆ ನೋಟೀಸು ಕೊಡುವವರಾರು?

ಮೆಕ್ಕೆಜೋಳದ ಸಾಲಿಗೂ ಮಲ್ಲಿಗೆಯ ತೋಟಕ್ಕೂ ಒಗ್ಗುವುದೆಂದು ಕೊಂಡ ನಮ್ಮ ಮಿನಿ ಟ್ರ್ಯಾಕ್ಟರು, ಬಾಡಿಗೆಯ ಆಸೆಗೆ ತುಂಗಭದ್ರೆಯ ದಂಡೆಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್ ಕಟ್ಟಿಕೊಂಡು ಕೆಸರು ತುಳಿದು ಬಂದ ಮೇಲೆ, ಬಲಗಡೆಯ ಹಿಂಚಕ್ರದ ಒಳಮೈಯಲ್ಲಿ ಎಣ್ಣೆ ಜಿನುಗಿ, ಧೂಳು ಹಿಡಿದು, ಕರಿಯ ಹೆಪ್ಪಾಗಿ ನಿಂತಿತು. ಕಡಿಮೆಯಾದಾಗಲೆಲ್ಲ ಎಣ್ಣೆ ಸುರಿದರಾಯಿತೆಂಬುದು ನನ್ನ ತಮ್ಮನ ಮೊದಲ ಸಲಹೆ. ಅದಕ್ಕೆ ನಾನು ಒಪ್ಪದಿರಲು, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿರುವಾಗ ಹೊಸದನ್ನೇ ತರಬಾರದೇಕೆ ಎಂಬುದು ಎರಡನೆಯದು. ನಾಲ್ಕು ಲಕ್ಷ ಮೂಲಬೆಲೆಯ ಗಾಡಿಗೆ ಈ ಇಳಿಕೆಯಿಂದ ಉಳಿಯುವುದು 28,000 ರೂಪಾಯಿ. ಮೂರು ಲಕ್ಷ ಸಾಲವೆತ್ತಿ, ಬಡ್ಡಿ ಶೇ. 10 ಎಂದೇ ಹಿಡಿದರೂ, ಆ ಉಳಿತಾಯವೆಲ್ಲ ಮೊದಲ ವರ್ಷದ ಬಡ್ಡಿಗೇ ಸಾಲದು. ಎಣ್ಣೆ ಸುರಿಯುವ ಉಪಾಯವಾದರೋ ಇದಕ್ಕಿಂತಲೂ ದುಬಾರಿ: ಎಣ್ಣೆ ಹೊರಬರುವ ದಾರಿಯಲ್ಲೇ ಕೆಸರುನೀರು ಒಳಹೋಗಿ, ಎಣ್ಣೆ ಹಾಲಿನಂತೆ ಬೆಳ್ಳಗಾಗಿ, ಬೇರಿಂಗೂ ಗೇರಿನ ಹಲ್ಲುಗಳೂ ತಿನ್ನಲ್ಪಡುತ್ತವೆ, ಬ್ರೇಕಿನ ಲೈನಿಂಗು ಒಣಗಿರಬೇಕಾದ ಗಾಡಿಗಳಲ್ಲಿ ಅದಕ್ಕೂ ಎಣ್ಣೆ ತಾಗಿ ಹಿಡಿತ ತಪ್ಪುತ್ತದೆ.

ಹಡಗಲಿಯಿಂದ ಬಂದ ಮೆಕ್ಯಾನಿಕ್ಕು ಚಕ್ರ ಕಳಚಿ, ಎಕ್ಸೆಲ್ ಎಳೆದು, ಹಳೆಯ ಆಯಿಲ್ ಸೀಲನ್ನು ನನ್ನ ಅಂಗೈಗಿಟ್ಟನು. ಲೋಹದ ಬಳೆ, ಅದರೊಳಗೆ ರಬ್ಬರಿನ ತುಟಿ, ತುಟಿಯನ್ನು ದಂಡಕ್ಕೆ ಬಿಗಿಹಿಡಿಯಲು ದಾರದಷ್ಟು ತೆಳುವಾದ ಸ್ಪ್ರಿಂಗು. ತುಟಿಯ ಅಂಚು ಗಾಜಿನಂತೆ ಗಡುಸಾಗಿ ಒಂದೆಡೆ ಸೀಳಿತ್ತು. ಅಳತೆಯು ಅದರ ಮುಖದ ಮೇಲೆಯೇ ಮಿಲಿಮೀಟರುಗಳಲ್ಲಿ ಅಚ್ಚಾಗಿರುವುದರಿಂದ ಅಂಗಡಿಗೆ ಹಳೆಯದನ್ನೇ ಒಯ್ದರೆ ಸಾಕು. “ಸೀಲಿಂದೇನ್ ತಪ್ಪಿಲ್ರಿ ಅಣ್ಣಾರೆ, ಬೇರಿಂಗ್ ಆಡಾಕತ್ತೈತಿ. ಇದನ್ನ ಬಿಟ್ಟು ಬರೇ ಸೀಲ್ ಹಾಕಿದ್ರ ಮತ್ತ ಸೋರತೈತಿ” ಎಂದ ಅವನು, ಎಕ್ಸೆಲ್ಲಿಗೆ ಸುತ್ತಿಕೊಂಡಿದ್ದ ಹುಲ್ಲನ್ನು ಕುಯ್ದು ತೆಗೆದು, ಕೆಸರು ಕಟ್ಟಿದ ಗಾಳಿಕಿಂಡಿಯನ್ನು ಬಿಡಿಸಿದನು, ಆ ಕಿಂಡಿ ಮುಚ್ಚಿದರೆ ಒಳಗಿನ ಕಾವಿಗೆ ಒತ್ತಡವೇರಿ ಹೊಸ ಸೀಲನ್ನೂ ಎಣ್ಣೆ ದಾಟುತ್ತದೆಯಂತೆ. ತುಟಿ ಉಜ್ಜಿ ದಂಡದಲ್ಲಿ ಗೀರು ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ನೋಡಿದನು, ಬಿದ್ದಿರಲಿಲ್ಲ.

ಸೀಲುಗಳಿಗೆ 700, ಬೇರಿಂಗಿಗೆ 1,400, ಎಣ್ಣೆಗೆ 4,200, ಕೂಲಿ 3,000: ಒಟ್ಟು 9,300 ರೂಪಾಯಿ. ಸೋರಿಕೆ ತಡೆಯುವ ಸೀಲುಗಳ ಬೆಲೆ ಈ ಮೊತ್ತದಲ್ಲಿ ನೂರಕ್ಕೆ ಎಂಟೂ ತುಂಬದು. ಬೇರಿಂಗನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಬಿಚ್ಚುವ, ಚೆಲ್ಲುವ, ತುಂಬುವ ಖರ್ಚು. ಆದುದರಿಂದಲೇ ಸೋರದ ಎಡಗಡೆಯ ಸೀಲನ್ನೂ ಆಗಲೇ ಬದಲಿಸಿದೆನು. ಅದಕ್ಕಾಗಿ ಎಣ್ಣೆಯನ್ನು ಇನ್ನೊಮ್ಮೆ ಚೆಲ್ಲುವ ಪ್ರಮೇಯವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಕಾಲದ ಮಾತೂ ಇದೆ. ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯೂ ಕಾರ್ಣಿಕವೆಂಬ ಭವಿಷ್ಯನುಡಿಯೂ ಮುಗಿದು ಮುಂಗಾರು ಹತ್ತುವ ತನಕ ಗಾಡಿಗೂ ಮೆಕ್ಯಾನಿಕ್ಕಿಗೂ ಬಿಡುವು. ಬಿತ್ತನೆಯ ಹದದಲ್ಲಿ ಕೆಟ್ಟು ನಿಂತರೆ ಬಾಡಿಗೆಯ ಟ್ರ್ಯಾಕ್ಟರಿಗೆ ತೆತ್ತ ಹಣಕ್ಕಿಂತ ತಪ್ಪಿದ ಹದವೇ ಹೆಚ್ಚು ನಷ್ಟ. ಕಾರ್ಣಿಕದ ಒಂದು ನುಡಿಯಿಂದ ವರ್ಷದ ಮಳೆಬೆಳೆಗಳನ್ನೆಲ್ಲ ಊಹಿಸಬಲ್ಲ ನಮ್ಮವರು ಅಂಗಳದಲ್ಲಿ ಬಿದ್ದ ಎಣ್ಣೆಯ ಕಲೆಯನ್ನು ಮಾತ್ರ ಮಣ್ಣೆಳೆದು ಮುಚ್ಚುತ್ತಾರೆ.

ಈಗ ಗಂಟೆಯ ಬಾಡಿಗೆಯಿಂದ 50 ರೂಪಾಯಿಯನ್ನು ಸವೆತದ ಬಾಬ್ತೆಂದು ಬೇರೆಯಾಗಿಡುತ್ತಿದ್ದೇವೆ. ಇನ್ನೂರು ಗಂಟೆ ದುಡಿದರೆ ಹತ್ತು ಸಾವಿರ. ತಮ್ಮನಿಗೆ ಇದು ರುಚಿಸಿಲ್ಲ, ಗಳಿಕೆಯೇ ಕುಗ್ಗಿದಂತೆ ಕಾಣುತ್ತದೆನ್ನುತ್ತಾನೆ. ಕುಗ್ಗಿ ಕಾಣುವುದೇ ನಿಜವಾದ ಗಳಿಕೆಯೆಂದು ನಾನು ವಾದಿಸುತ್ತಿದ್ದೇನೆ. ಅಷ್ಟರಲ್ಲಿ ಕ್ಲಚ್ ಪ್ಲೇಟು ಸದ್ದು ಮಾಡತೊಡಗಿದೆ.