ಹುಬ್ಬಳ್ಳಿ ಬಸ್ ಹತ್ತುವ ಮೊದಲು: ಟೆಸ್ಟ್ ಸರ್ವರ್‌ಗೆ ಒಗ್ಗುವ ವೈ-ಫೈ ಕಾರ್ಡ್ ಆರಿಸುವುದು ಹೇಗೆ?

ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ಇರಲಿ, ಗಣೇಶಗುಡಿಯ ಹೋಮ್‌ಸ್ಟೇಗೆ ಬುಕಿಂಗ್ ತಂತ್ರಾಂಶ ಪರೀಕ್ಷಿಸುವುದಿರಲಿ, ಮೂಲೆ ಸೇರಿದ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಟೆಸ್ಟ್ ಸರ್ವರ್ ಸಿದ್ಧ. ರೂಟರ್ ಜಗಲಿಯಲ್ಲಿದ್ದು ಸರ್ವರ್ ಒಳಕೋಣೆಯಲ್ಲಿದ್ದರೆ ವೈ-ಫೈ ಕಾರ್ಡ್ ಬೇಕಾಗುತ್ತದೆ. ಜೋಯಿಡಾದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಒಂದು ದಿನ ಕಳೆಯಿತು. ತಂದ ಕಾರ್ಡನ್ನು ಲಿನಕ್ಸ್ ಗುರುತಿಸದಿದ್ದರೆ ಇನ್ನೊಂದು ದಿನ. ಹಾಗಾಗಿ ಮುಕ್ಕಾಲು ಕೆಲಸವನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಕೆಳಗಿನ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಹಂತ 1: ಕೇಬಲ್ ಎಳೆಯಲು ಆಗುತ್ತದೆಯೇ?
ಸಾಮಾನ್ಯ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ. ಎಳೆಯಲು ದಾರಿಯಿದ್ದರೆ ಕಾರ್ಡಿನ ಖರ್ಚೇ ಬೇಡ. ಸರ್ವರ್‌ಗೆ ತಂತಿಯೇ ಮೇಲು.

ಹಂತ 2: ಯಂತ್ರದಲ್ಲಿ ಜಾಗ ನೋಡಿ
ವಿದ್ಯುತ್ ತೆಗೆದು ಕ್ಯಾಬಿನೆಟ್ ಬಿಚ್ಚಿ. ಮದರ್‌ಬೋರ್ಡ್‌ನಲ್ಲಿ ಪಿಸಿಐಇ ಚಿಕ್ಕ ಸ್ಲಾಟ್ ಖಾಲಿಯಿದೆಯೇ? ತೆಳು ಕ್ಯಾಬಿನೆಟ್ ಆದರೆ ಗಿಡ್ಡ ಪಟ್ಟಿಯ ಕಾರ್ಡೇ ಬೇಕು. ಎಂ.2 ಸ್ಲಾಟ್ ಇದ್ದರೆ ಅದು ವೈ-ಫೈಗೆ ಮೀಸಲಾದ 'ಇ' ಕೀ ಆಗಿರಬೇಕು. ಎಸ್‌ಎಸ್‌ಡಿ ಕೂರುವ 'ಎಂ' ಕೀಯಲ್ಲಿ ಅದು ಕೂರದು. ಇನ್ನೊಂದು ಬಲೆ: ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಅವಳಿ. ಆದರೆ 201 ಕೆಲಸ ಮಾಡುವುದು ಅದಕ್ಕೆ ಹೊಂದುವ ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ. ಎಎಂಡಿ ಯಂತ್ರಕ್ಕೆ 200 ಕೇಳಿ. ಯಾವ ಸ್ಲಾಟೂ ಇಲ್ಲದಿದ್ದರೆ ಯುಎಸ್‌ಬಿ ಡಾಂಗಲ್.

ಹಂತ 3: ಕರ್ನೆಲ್ ಎಷ್ಟನೆಯದು?
'ಯುನೇಮ್ -ಆರ್' ಕೊಡಿ. ಬಂದ ಸಂಖ್ಯೆ ಬರೆದಿಡಿ. ಡೆಬಿಯನ್ 12ರಲ್ಲಿ ಅದು 6.1. ಎಎಕ್ಸ್200ಕ್ಕೆ ಕನಿಷ್ಠ 5.1, ಎಎಕ್ಸ್210ಕ್ಕೆ 5.10, ಮೀಡಿಯಾಟೆಕ್ ಎಂಟಿ7612ಯು ಡಾಂಗಲ್‌ಗೆ 4.19 ಬೇಕು. ಹಳೆಯ ಎಥೆರೋಸ್ ಪಿಸಿಐಇ ಕಾರ್ಡ್‌ಗಳ 'ಎಟಿಎಚ್9ಕೆ' ಡ್ರೈವರ್ 2008ರಿಂದಲೂ ಕರ್ನೆಲ್‌ನಲ್ಲಿದೆ. ಸರ್ವರ್ ಮೇಲೆ ವಿಎಂವೇರ್ ಇಎಸ್‌ಎಕ್ಸ್‌ಐ ಹಾಕುವ ಯೋಚನೆಯಿದ್ದರೆ ಇಲ್ಲೇ ನಿಲ್ಲಿ: ಅದು ವೈ-ಫೈ ಕಾರ್ಡನ್ನು ತನ್ನ ನೆಟ್‌ವರ್ಕ್‌ಗೆ ಬಳಸಿಕೊಳ್ಳುವುದೇ ಇಲ್ಲ.

ಹಂತ 4: ಚಿಪ್ ಯಾವುದೆಂದು ಕೇಳಿ
ಲಿನಕ್ಸ್ ಮಾತಾಡುವುದು ಒಳಗಿನ ಚಿಪ್ ಜೊತೆ, ಡಬ್ಬಿಯ ಮೇಲಿನ ಹೆಸರಿನ ಜೊತೆಗಲ್ಲ. ಟಿಪಿ-ಲಿಂಕ್‌ನ ಡಬ್ಲ್ಯೂಎನ್722ಎನ್ ಡಾಂಗಲ್ ಇದಕ್ಕೆ ಒಳ್ಳೆಯ ಪಾಠ. ಮೊದಲ ಆವೃತ್ತಿಯಲ್ಲಿದ್ದದ್ದು ಲಿನಕ್ಸ್‌ಗೆ ಚೆನ್ನಾಗಿ ಒಗ್ಗುವ ಎಥೆರೋಸ್ ಎಆರ್9271. ಎರಡನೆಯ ಆವೃತ್ತಿಯಿಂದ ಅದೇ ಹೆಸರಿನೊಳಗೆ ರಿಯಲ್‌ಟೆಕ್ ಚಿಪ್ ಬಂತು. ಆದ್ದರಿಂದ ಅಂಗಡಿಗೆ ಫೋನ್ ಮಾಡಿದಾಗ ಮಾಡೆಲ್ ಜೊತೆಗೆ 'ವರ್ಷನ್ ಎಷ್ಟು' ಎಂದೂ ಕೇಳಿ. ಅದು ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ. 'ಡ್ರೈವರ್ ಸಿಡಿ ಇದೆ' ಎಂಬ ಭರವಸೆ ಸಾಮಾನ್ಯವಾಗಿ ವಿಂಡೋಸ್‌ಗೆ ಸೇರಿದ್ದು.

ಹಂತ 5: ಅಂಗಡಿಯಲ್ಲೇ ಚುಚ್ಚಿ ನೋಡಿ
ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪ್ ಒಯ್ಯಿರಿ. ಡಾಂಗಲ್ ಚುಚ್ಚಿ 'ಎಲ್‌ಎಸ್‌ಯುಎಸ್‌ಬಿ' ಕೊಟ್ಟರೆ ಎರಡು ಭಾಗದ ಗುರುತು ಸಂಖ್ಯೆ ಬರುತ್ತದೆ. ಎಆರ್9271 ಆದರೆ 0ಸಿಎಫ್3:9271. ಹತ್ತಿರದ ನೆಟ್‌ವರ್ಕ್‌ಗಳ ಪಟ್ಟಿ ಕಂಡರೆ ದುಡ್ಡು ಕೊಡಿ. ಪಿಸಿಐಇ ಕಾರ್ಡನ್ನು ಹೀಗೆ ನೋಡಲಾಗದು. ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮನೆಯಲ್ಲಿ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟಾಗ ಕಾರ್ಡಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಕಾಣಬೇಕು. ಅಲ್ಲಿ 8086 ಇದ್ದರೆ ಇಂಟೆಲ್, 168ಸಿ ಇದ್ದರೆ ಎಥೆರೋಸ್.

ಹಂತ 6: ಫರ್ಮ್‌ವೇರ್ ತುಂಬಿಸಿ
ಡ್ರೈವರ್ ಇದ್ದೂ ಕಾರ್ಡ್ ಏಳದಿದ್ದರೆ 'ಡಿಎಂಇಎಸ್‌ಜಿ' ಸಾಲುಗಳಲ್ಲಿ ಫರ್ಮ್‌ವೇರ್ ಸಿಗಲಿಲ್ಲವೆಂಬ ದೂರು ಇದೆಯೇ ನೋಡಿ. ಜೂನ್ 2023ರಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಒಳಗೇ ಇದೆ. ಹಳೆಯದಾದರೆ ಇಳಿಸಿಕೊಳ್ಳಬೇಕು. ನೆಟ್ ಇಲ್ಲದೆ ಇಳಿಸುವುದು ಹೇಗೆ? ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿ. ಆ ಹೊತ್ತಿಗೆ ಅಷ್ಟು ಸಾಕು.

ಹಂತ 7: ಗೋಡೆಗೆ ತಕ್ಕ ಬ್ಯಾಂಡ್
5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಆದರೆ ದಪ್ಪ ಮಣ್ಣಿನ ಗೋಡೆ ದಾಟುವಲ್ಲಿ 2.4 ಗಟ್ಟಿ. ಎರಡೂ ಇರುವ ಕಾರ್ಡ್ ಕೊಳ್ಳಿ. ದೇಶದ ಸಂಕೇತವನ್ನು 'ಐಎನ್' ಮಾಡಿ. ಇಲ್ಲದಿದ್ದರೆ ಕೆಲವು ಚಾನೆಲ್‌ಗಳು ಕಾಣದೆ ಹೋಗಬಹುದು. ಸರ್ವರ್‌ನಿಂದಲೇ ಹಾಟ್‌ಸ್ಪಾಟ್ ಕೊಡಬೇಕೆಂದಿದ್ದರೆ 'ಐಡಬ್ಲ್ಯೂ ಲಿಸ್ಟ್' ಕೊಟ್ಟು, ಬೆಂಬಲಿತ ಮೋಡ್‌ಗಳಲ್ಲಿ 'ಎಪಿ' ಇದೆಯೇ ನೋಡಿ.

ಹಂತ 8: ಕರೆಂಟ್ ಹೋದರೆ?
ಮಳೆಗಾಲದಲ್ಲಿ ಕರೆಂಟ್ ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ. ಬಯಾಸ್‌ನಲ್ಲಿ ವಿದ್ಯುತ್ ಮರಳಿದಾಗ ಯಂತ್ರ ತಾನೇ ಏಳುವಂತೆ ಮಾಡಿ. ಕಾರ್ಡಿನ ಪವರ್ ಸೇವ್ ಆಫ್ ಮಾಡಿ, ಇಲ್ಲದಿದ್ದರೆ ಸುಮ್ಮನಿದ್ದ ಸರ್ವರ್ ತಡವಾಗಿ ಉತ್ತರ ಕೊಡುತ್ತದೆ. ಆಮೇಲೆ ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ಕೀಬೋರ್ಡ್ ಮುಟ್ಟಬೇಡಿ. ಜಗಲಿಯಲ್ಲಿ ಕೂತು ಮೊಬೈಲ್‌ನಿಂದ ಪಿಂಗ್ ಮಾಡಿ. ಉತ್ತರ ಬಂದರೆ ಕ್ಯಾಬಿನೆಟ್‌ನ ಸ್ಕ್ರೂ ಬಿಗಿಯಬಹುದು.